ಕೊಳ್ಳೇಗಾಲದ ಕಡೆಯ ಸೊಸೆ

ಶ್ರೀರಂಗಪಟ್ಟಣದ ಕೋರ್ಟಿನ ಜಗುಲಿಯ ಮೇಲೆ ನಿಂತು ಲಾಯರು ಶಿವಲಿಂಗಯ್ಯನವರು ಆ ಮಾತು ಹೇಳಿದಾಗ ಉಳಿದವರ ಹಾಗೆ ಅಂಬಿಕಳಿಗೂ ಎದೆಯ ಭಾರ ಇಳಿದಂತಾಗಿತ್ತು.

“ಮುಂದಿನ ವಾಯಿದೆಗೆ ಮೂರು ಜನವೂ ಬನ್ನಿ. ಸಾಹೇಬರು ‘ತಪ್ಪು ಒಪ್ಕೋತೀರಾ’ ಅಂತ ಕೇಳ್ತಾರೆ. ಕೈ ಮುಗಿದು ‘ಒಪ್ಕೋತೀವಿ ಸ್ವಾಮಿ’ ಅನ್ನಿ. ಏನೋ ಒಂದಿಷ್ಟು ದಂಡ ಹಾಕ್ತಾರೆ. ಕಟ್ಟಿ, ಕಾಫಿ ಕುಡಿದು ಮನೆಗೆ ಹೋಗಿ. ಇದೇನು ಕೊಲೆ ಕೇಸಾ?”

“ಇಷ್ಟೇಯಾ ಸ್ವಾಮಿ?” ಎಂದ ಹೊನ್ನಪ್ಪ. “ಇದಕ್ಕೆ ಇಷ್ಟು ದಿನ ಅಲೆಸ್ಬುಟ್ರಲ್ಲಾ! ನಮ್ಮ ಎತ್ಗೊಳ್ಗೂ ಕೋರ್ಟ್ ದಾರಿ ಗೊತ್ತಾಗೋಯ್ತು.”

ಮೂವರೆಂದರೆ ಹೊನ್ನಪ್ಪ, ಅವನ ತಾಯಿ ದ್ಯಾವಮ್ಮ, ಮತ್ತು ಅವನ ತಮ್ಮ ಚಲುವರಾಜುವಿನ ಹೆಂಡತಿ ಅಂಬಿಕ. ಕಿರಂಗೂರಿನ ಒಂದೇ ಮನೆಯವರು. ಕೇಸು ಹಾಕಿದ್ದವಳು ಪಕ್ಕದ ಮನೆಯ ಲಿಂಗಣ್ಣನ ಹೆಂಡತಿ ಲಕ್ಷ್ಮಿದೇವಮ್ಮ. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಜಗಳ ಹುಟ್ಟಿದ್ದು ರೇಷ್ಮೆ ಹುಳದಿಂದ. ಹೊನ್ನಪ್ಪ ತನ್ನ ಭತ್ತದ ಗದ್ದೆಗೆ ಔಷಧಿ ಹೊಡೆದ ದಿನ ಗಾಳಿ ಪಕ್ಕದ ಹಿಪ್ಪುನೇರಳೆ ತೋಟದ ಕಡೆಗೆ ಬೀಸಿತ್ತು. ಆ ಸೊಪ್ಪು ತಿಂದ ಲಕ್ಷ್ಮಿದೇವಮ್ಮನ ಹುಳ, ಕೊನೆಯ ಜ್ವರ ಎದ್ದು, ಪೊರೆ ಕಳಚಿ, ಇನ್ನೇನು ಗೂಡು ಕಟ್ಟಬೇಕಾದ ಹುಳ, ತಟ್ಟೆ ತಟ್ಟೆಯೇ ಸತ್ತುಹೋಯಿತು. ಅವಳು ಸತ್ತ ಹುಳದ ಅಗಲ ಬಿದಿರು ತಟ್ಟೆಯನ್ನು ತಲೆಯ ಮೇಲೆ ಹೊತ್ತು ತಂದು ದ್ಯಾವಮ್ಮನ ಹೊಸಿಲ ಮುಂದೆ ಸುರಿದಳು. ದ್ಯಾವಮ್ಮ ತಟ್ಟೆ ಕಿತ್ತುಕೊಂಡಳು. ಅಂಬಿಕ ಓಡಿಬಂದು ಜಗಳ ಬಿಡಿಸಲೆಂದು ಲಕ್ಷ್ಮಿದೇವಮ್ಮನ ಎರಡೂ ಕೈ ಹಿಡಿದುಕೊಂಡಳು. ಅದೇ ಹೊತ್ತಿಗೆ ತಟ್ಟೆಯ ಅಂಚು ಲಕ್ಷ್ಮಿದೇವಮ್ಮನ ಹಣೆಗೆ ಬಡಿದು ರಕ್ತ ಬಂತು. ನೋಡಿದವರ ಕಣ್ಣಿಗೆ ಕಂಡದ್ದು ಇಷ್ಟೇ: ಸೊಸೆ ಹಿಡಿದುಕೊಂಡಳು, ಅತ್ತೆ ಹೊಡೆದಳು, ದೊಡ್ಡ ಮಗ ಬಾಯಿಗೆ ಬಂದಂತೆ ಬೈದ. ಠಾಣೆಯಲ್ಲಿ ಬರೆಸಿದ್ದೂ ಅದನ್ನೇ. ಲಾಯರು ಮೊದಲು ರಾಜಿಗೆ ಕರೆದಿದ್ದರು. ಲಕ್ಷ್ಮಿದೇವಮ್ಮ ಹಣೆಯ ಕಲೆ ತೋರಿಸಿ, “ಇದು ಮಾಯ್ದ ಮೇಲೆ ಬತ್ತೀನಿ” ಎಂದು ಹೇಳಿ ಕಳಿಸಿದ್ದಳು.

ಹೀಗಾಗಿ ದಂಡ ಕಟ್ಟಿ ಕೈ ತೊಳೆದುಕೊಳ್ಳುವುದೇ ಸರಿ ಎಂದು ಎಲ್ಲರಿಗೂ ಅನಿಸಿತು. ಆ ಸೀಮೆಯಲ್ಲಿ ಅದೇನೂ ಹೊಸದಲ್ಲ. ನಾಲೆ ನೀರಿನ ಜಗಳ, ಬದುವಿನ ಜಗಳ, ದನ ನುಗ್ಗಿದ ಜಗಳ, ಯಾವುದೇ ಇರಲಿ, ಓಡಾಡಿ ಓಡಾಡಿ ಸುಸ್ತಾದ ಮೇಲೆ ಜನ ‘ತಪ್ಪಾಯ್ತು ಸ್ವಾಮಿ’ ಎಂದು ದಂಡ ಕಟ್ಟಿ ಬರುತ್ತಿದ್ದರು. ಬರುವಾಗ ಬಸ್ಸಿನಲ್ಲಿ ನಗುತ್ತಾ ಬರುತ್ತಿದ್ದರು. ದಂಡ ಕಟ್ಟಿದ್ದಕ್ಕೆ ಯಾರಿಗೂ ಏನೂ ಆದದ್ದಿಲ್ಲ.

ಅದು ೧೯೯೪ನೆಯ ಇಸವಿ. ಲಾಯರು ಆ ಮಾತು ಹೇಳಿದ ಮುಂದಿನ ವಾರವೇ ಅಂಬಿಕ ಗಂಡನ ಜೊತೆ ಮಂಡ್ಯಕ್ಕೆ ಹೋಗಬೇಕಾಗಿತ್ತು. ವರ್ಷಕ್ಕೊಂದು ಸಲ ಹೋಗುವುದು. ಯಾಕೆ ಎಂದು ಕೇಳಿದವರಿಗೆ ದ್ಯಾವಮ್ಮ, “ನಮ್ಮ ಅಂಬಿಕಂಗೆ ಒಟ್ಟೆನೋವು ಕಣವ್ವ, ಅಲ್ಲೊಬ್ರು ಡಾಕ್ಟ್ರು ಅವ್ರೆ” ಎನ್ನುತ್ತಿದ್ದಳು. ಕೇರಿಯ ಹೆಂಗಸರು ಪಾಪ ಮೆಂತ್ಯ ನುಂಗು, ಓಂಕಾಳು ಅಗಿ ಎಂದು ಹೇಳಿಕೊಡುತ್ತಿದ್ದರು.

ಹೊಟ್ಟೆನೋವು ಇರಲಿಲ್ಲ. ಅಂಬಿಕ ಈ ದೇಶದವಳಲ್ಲ.

ಮಂಡ್ಯದ ದೊಡ್ಡ ಪೊಲೀಸ್ ಆಫೀಸಿನಲ್ಲಿ ಹೊರದೇಶದವರ ವಿಚಾರ ನೋಡುವ ಒಂದು ಕೋಣೆಯಿತ್ತು. ಅಲ್ಲಿ ದೇವಯ್ಯ ಎಂಬ ಸಾಹೇಬರು. ಇನ್ನೊಂದು ವರ್ಷ ಇರಬಹುದು ಎಂದು ಮುದ್ರೆ ಒತ್ತಿಸಿಕೊಡುವವರು ಅವರೇ. ಒರಟು ಮನುಷ್ಯರಲ್ಲ. ಆದರೂ ಆ ಕೋಣೆಯ ಬಾಗಿಲಲ್ಲಿ ಅಂಬಿಕ ಗಂಡನ ಬೆನ್ನ ಹಿಂದೆಯೇ ನಿಲ್ಲುತ್ತಿದ್ದಳು.

“ನಿಮ್ಮ ಠಾಣೆಯಿಂದ ವರದಿ ಬಂದಿದೆ” ಎಂದರು ದೇವಯ್ಯ. “ಈಯಮ್ಮನ ಮೇಲೆ ಕೇಸಿದೆಯಂತೆ?”

“ಏನಿಲ್ಲ ಸಾ, ಎಂಗಸ್ರ ಜಗಳ” ಎಂದ ಚಲುವರಾಜು. “ಮುಂದಿನ ವಾಯ್ದೆಗೆ ತಪ್ಪೊಪ್ಕಂಡು ದಂಡ ಕಟ್ಬುಡ್ತಾರೆ. ಅಲ್ಲಿಗೆ ಮುಗೀತು.”

ದೇವಯ್ಯ ಬರೆಯುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ದಂಡವೂ ಶಿಕ್ಷೆನೇ ಕಣಪ್ಪ.”

“ಜೈಲೇನಿಲ್ವಲ್ಲ ಸಾ?”

“ಜೈಲಿಲ್ಲ. ಆದ್ರೆ ತಪ್ಪು ಮಾಡಿದ್ದು ನಿಜ ಅಂತ ಕೋರ್ಟು ಬರೀತದೆ. ನಿನಗೆ ಅದರಿಂದ ಏನೂ ಆಗಲ್ಲ. ನೀನು ಈ ದೇಶದವನು, ಜೈಲಿಗೆ ಹೋಗಿ ಬಂದ್ರೂ ಕಿರಂಗೂರು ನಿನ್ನ ಊರೇ. ಈಯಮ್ಮ ಇಲ್ಲಿರೋದು ಸರ್ಕಾರ ಇರು ಅಂದಿದೆ ಅಂತ. ‘ಶಿಕ್ಷೆ ಆಗಿದೆ’ ಅಂತ ನಾನು ಬರೆದು ಮೇಲಕ್ಕೆ ಕಳಿಸ್ಬೇಕು. ಮೇಲಿನವರು ಯಾರ ಹುಳ ಸತ್ತವು, ಯಾರು ತಟ್ಟೆ ಕಿತ್ಕೊಂಡ್ರು ಅಂತ ಕೇಳಲ್ಲ. ಆ ಒಂದು ಮಾತು ನೋಡ್ತಾರೆ. ಅದೂ ಸಿಲೋನಿನವಳು ಅಂದ್ರೆ...” ಎಂದು ಅಲ್ಲಿಗೇ ಬಿಟ್ಟರು.

“ಕಳಿಸ್ಬುಡ್ತಾರಾ ಸಾ?” ಚಲುವರಾಜುವಿನ ದನಿ ಸಣ್ಣದಾಗಿತ್ತು.

“ಕಳಿಸೇ ಕಳಿಸ್ತಾರೆ ಅಂತ ನಾನು ಹೇಳಲ್ಲ. ಕಳಿಸಲ್ಲ ಅಂತಲೂ ಹೇಳೋಕಾಗಲ್ಲ. ಕೇಸು ಗೆದ್ರೆ ಯೋಚನೆಯಿಲ್ಲ. ರಾಜಿ ಆಗಿ ಕೋರ್ಟು ಬಿಟ್ಟುಬಿಟ್ರೂ ಖುಲಾಸೆ ಆದ ಹಾಗೆಯೇ. ದಂಡ ಮಾತ್ರ ಬೇಡ. ಲಾಯರಿಗೆ ಇವಳು ಯಾವ ದೇಶದವಳು ಅಂತ ಹೇಳಿದ್ದೀರಾ?”

“ಇಲ್ಲ ಸಾ” ಎಂದ ಚಲುವರಾಜು.

ಆ ಸಲ ವರ್ಷದ ಮುದ್ರೆ ಬೀಳಲಿಲ್ಲ. ಕೇಸು ಮುಗಿಯುವವರೆಗೆ ಇರಲಿ, ತೀರ್ಪು ತಂದು ತೋರಿಸಿ, ಆಮೇಲೆ ನೋಡೋಣ ಎಂದು ಕಳಿಸಿದರು.

ಬಸ್ಸಿನಲ್ಲಿ ಚಲುವರಾಜು ಒಂದೇ ಒಂದು ಮಾತನಾಡಿದ. “ನಿಮ್ಮ ಚಿಕ್ಕವ್ವನ ತಾವಕ್ಕೆ, ದಿಂಡಿಗಲ್‌ಗೆ ಓಗ್ಬುಡಾನ್ವಾ?” ಅಲ್ಲಿಗೆ ಹೋದರೂ ಅಲ್ಲಿಯ ಪೊಲೀಸಿನವರು ಇದೇ ಕೇಳುತ್ತಾರೆ ಎಂದು ಅವನಿಗೇ ಹೊಳೆದು ಸುಮ್ಮನಾದ. ಅಂಬಿಕ ಕಿಟಕಿಯ ಕಂಬಿ ಹಿಡಿದು ಕೂತಿದ್ದಳು. ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ರಸ್ತೆಯ ಪಕ್ಕ ಎಮ್ಮೆ ಹೊಡೆದುಕೊಂಡು ಹೋಗುವ ಮುದುಕ. ಇವೆಲ್ಲ ತನಗೆ ಯಾರೋ ಎರವಲು ಕೊಟ್ಟದ್ದು, ಯಾವಾಗ ಬೇಕಾದರೂ ವಾಪಸು ಕೇಳಬಹುದು ಎಂದು ಅವತ್ತಿನವರೆಗೆ ಅವಳು ಅಂದುಕೊಂಡಿರಲಿಲ್ಲ.

ಅವಳು ಹುಟ್ಟಿದ್ದು ಸಿಲೋನಿನ ಬೆಟ್ಟದ ಮೇಲಿನ ಒಂದು ಟೀ ತೋಟದಲ್ಲಿ. ತಾಯಿ, ಅಜ್ಜಿ ಎಲ್ಲ ಟೀ ಸೊಪ್ಪು ಕಿತ್ತು ಬದುಕಿದವರು. ಎಳೆಯ ಹುಡುಗಿಯಾಗಿದ್ದಾಗಲೇ ಅವಳ ಬೆನ್ನಿಗೂ ಬುಟ್ಟಿ ಬಿತ್ತು. ಹಡಗು ಓಡುತ್ತಿದ್ದ ಕಾಲದಲ್ಲಿ ಚಿಕ್ಕಮ್ಮನ ಜೊತೆ ರಾಮೇಶ್ವರಕ್ಕೆ ಬಂದವಳು. ಬಂದ ಮಾರನೆಯ ವರ್ಷ ಸಿಲೋನಿನಲ್ಲಿ ಗಲಭೆಯಾಗಿ ಇವರ ಸಾಲುಮನೆಗೆ ಬೆಂಕಿ ಬಿತ್ತು. ಅಪ್ಪ ಅಮ್ಮ ಏನಾದರೋ ಗೊತ್ತಾಗಲಿಲ್ಲ. ಚಿಕ್ಕಮ್ಮ ದಿಂಡಿಗಲ್ಲಿನ ಬೆಲ್ಲದ ಮಂಡಿಯಲ್ಲಿ ಕಸ ಗುಡಿಸುತ್ತಿದ್ದಳು, ಇವಳೂ ಅಲ್ಲೇ ನಿಂತಳು. ಪಾಂಡವಪುರದ ಕಡೆಯ ಬೆಲ್ಲ ತುಂಬಿಕೊಂಡು ಲಾರಿ ಓಡಿಸುತ್ತಿದ್ದ ಚಲುವರಾಜು ಅವಳನ್ನು ನೋಡಿದ್ದು ಆ ಮಂಡಿಯಲ್ಲಿ.

ಅವನು ಅವಳನ್ನು ಕಟ್ಟಿಕೊಂಡು ಬಂದಾಗ ದ್ಯಾವಮ್ಮ ಮೂರು ಹೊತ್ತು ಒಲೆ ಹಚ್ಚಲಿಲ್ಲ. ನಾಲ್ಕನೆಯ ಹೊತ್ತಿಗೆ ಎದ್ದು ರಾಗಿಹಿಟ್ಟು ಕಲಸುತ್ತಾ, “ಕೊಳ್ಳೇಗಾಲದ ಕಡೆಯೋಳು ಅಂತ ಯೋಳು. ಅಲ್ಲಿಯೋರ ಮಾತು ಒಂಚೂರು ಅಂಗೇಯ. ಯಾರೂ ಕೇಳಾಕಿಲ್ಲ” ಎಂದಳು. ಆವತ್ತಿನಿಂದ ಅಂಬಿಕ ಕೊಳ್ಳೇಗಾಲದ ಕಡೆಯ ಸೊಸೆಯಾದಳು. ಬಂದ ಹೊಸತರಲ್ಲಿ ಲಕ್ಷ್ಮಿದೇವಮ್ಮನ ಹಿಪ್ಪುನೇರಳೆ ತೋಟಕ್ಕೆ, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳಾಗಿ ಹೋದವಳು, ಎರಡೂ ಕೈಯಲ್ಲಿ ಪಟಪಟನೆ ಸೊಪ್ಪು ಕಿತ್ತು, ಇಲ್ಲದ ಬುಟ್ಟಿಗೆ ಹೆಗಲ ಮೇಲಿಂದ ಹಿಂದಕ್ಕೆ ಎಸೆದು ನೆಲದ ತುಂಬ ಚೆಲ್ಲಿದ್ದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕೊಳ್ಳೇಗಾಲದವರ ಬುದ್ಧಿಯೇ ಹಿಂದುಮುಂದು ಎಂದು ಒಬ್ಬಳು ಅಂದಳು.

೯೧ರಲ್ಲಿ ಮಾಜಿ ಪ್ರಧಾನಿಯ ಕೊಲೆಯಾಗಿ, ಸಿಲೋನಿನವರು ಎಂದರೆ ಪೊಲೀಸರು ಮನೆ ಮನೆ ಹುಡುಕುವ ಹಾಗಾಯಿತು. ಅದೇ ವರ್ಷದ ಕೊನೆಗೆ ಕಾವೇರಿ ನೀರಿನ ಗಲಾಟೆ ಎದ್ದು, ತಮಿಳು ಮಾತಾಡುವವರ ಗುಡಿಸಲುಗಳು ಉರಿದವು. ಮಗಳು ಪವಿತ್ರ ಆಗ ಇನ್ನೂ ಚಿಕ್ಕ ಕೂಸು. ಅಂಬಿಕ ಅದಕ್ಕೆ ತನ್ನ ತಾಯಿಯ ಜೋಗುಳ ಹಾಡುತ್ತಿದ್ದದ್ದನ್ನು ದ್ಯಾವಮ್ಮ ಒಂದೇ ಮಾತಿಗೆ ನಿಲ್ಲಿಸಿದಳು. “ನಿದ್ದೆಗಣ್ಣಲ್ಲೂ ಕನ್ನಡದಲ್ಲೇ ಕನವರಿಸ್ಬೇಕು, ತಿಳೀತಾ?” ಠಾಣೆಯಿಂದ ಮಫ್ತಿಯಲ್ಲಿ ವಿಚಾರಣೆಗೆ ಬರುವ ಪೊಲೀಸಿನವನಿಗೆ ಉಪ್ಪಿಟ್ಟು ಮಾಡಿ ಹಾಕಿ, ‘ನಮ್ಮ ನೆಂಟ್ರು’ ಎಂದು ಕೇರಿಗೆಲ್ಲ ಹೇಳಿ ಕಳಿಸುತ್ತಿದ್ದಳು. ಅವನೂ ಉಪ್ಪಿಟ್ಟಿನ ಋಣಕ್ಕೋ ಏನೋ, ನೆಂಟನ ಹಾಗೆಯೇ ಬಂದು ಹೋಗುತ್ತಿದ್ದ.

ಹೀಗೆ ಮುಚ್ಚಿಟ್ಟ ಮಾತನ್ನು ಈಗ ಬಿಚ್ಚಿದರೂ ಕಷ್ಟ, ಬಿಚ್ಚದಿದ್ದರೂ ಕಷ್ಟವಾಯಿತು.

“ಲಾಯರ್‌ಗೆ ನಿಜ ಯೋಳ್ಬುಡಾನ” ಎಂದ ಚಲುವರಾಜು, ಮಂಡ್ಯದಿಂದ ಬಂದ ರಾತ್ರಿ.

“ಲಾಯರ್‌ಗೆ ಯೋಳುದ್ರೆ ಕೋರ್ಟಿಗೆಲ್ಲಾ ಯೋಳ್ದಂಗೆ ಕಣ್ಲಾ” ಎಂದ ಹೊನ್ನಪ್ಪ. “ಅವ್ರ ಗುಮಾಸ್ತ ಯಾರು? ಲಿಂಗಣ್ಣನ ಸೋದರಳಿಯ. ಸಾಯಂಕಾಲುಕ್ಕೆ ಊರಿಗೇ ಗೊತ್ತಾಯ್ತದೆ. ಸಿಲೋನಿನೋಳ್ನ ಇಷ್ಟು ವರ್ಸ ಮನೇಲಿ ಇಟ್ಕಂಡು ಸುಳ್ಳು ಯೋಳವ್ರೆ ಅಂತ ನಮ್ಮನ್ನೂ ಎಳ್ಕ ಓದ್ರೆ?”

“ಅಂಗಾದ್ರೆ ದಂಡ ಕಟ್ಟಿ, ಇವ್ಳ ಸಿಲೋನಿನ ಅಡಗು ಅತ್ತಿಸಿ ಕಳಿಸ್ಲಾ?”

“ನಾನೆಲ್ಲಿ ಅಂಗಂದೆ? ಆದ್ರೆ ನಾವಿಬ್ರು ಒಪ್ಕಂಡು ಇವ್ಳೊಬ್ಳು ಒಪ್ಪಲ್ಲ ಅಂದ್ರೆ, ಯಾಕೆ ಅಂತ ಕೇಳಾಕಿಲ್ವಾ? ಮೂರು ಜನೂ ಒಪ್ಪಲ್ಲ ಅಂದ್ರೆ ಇನ್ನೆಷ್ಟು ವರ್ಸ ಅಲೀಬೇಕೋ? ಕೊನೆಗೆ ಸೋತ್ರೆ? ಊರೆಲ್ಲಾ ನೋಡವ್ರೆ, ಇವ್ಳೇ ಕೈ ಇಡ್ಕಂಡಿದ್ದು.”

ಅಂಬಿಕ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ತನ್ನ ಬಗ್ಗೆಯೇ ಮಾತು, ಆದರೆ ಯಾರೂ ಅವಳ ಕಡೆ ತಿರುಗಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತಿದ್ದ ಪವಿತ್ರ, “ಅವ್ವ ಎಲ್ಗೋಗ್ತಾಳೆ?” ಎಂದು ಕೇಳಿತು. ದ್ಯಾವಮ್ಮ ಅದರ ಬಾಯಿಗೆ ಬೆಲ್ಲದ ಚೂರು ಇಟ್ಟಳು. ಅವತ್ತು ದ್ಯಾವಮ್ಮ ಏನೂ ಮಾತಾಡಲಿಲ್ಲ. ಅಂಬಿಕಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಅದಕ್ಕೇ. ಆ ಮನೆಯಲ್ಲಿ ದ್ಯಾವಮ್ಮನಿಗೆ ದಾರಿ ಕಾಣದಿದ್ದರೆ ಇನ್ಯಾರಿಗೂ ಕಾಣುವಂತಿರಲಿಲ್ಲ.

ಚಲುವರಾಜು ಬೆಳಿಗ್ಗೆ ಲೋಡು ತುಂಬಿಸಿಕೊಂಡು ಹೋಗಲೇಬೇಕಾಯಿತು. ವಾಯಿದೆ ಹತ್ತಿರ ಬರುತ್ತಿತ್ತು. ಅಂಬಿಕ ಡೈರಿಗೆ ಹಾಲು ಹಾಕಲು ನಿಂತರೆ, ಹಿಂದೆ ನಿಂತವರು ತನ್ನ ವಿಷಯವೇ ಪಿಸುಗುಟ್ಟುತ್ತಿದ್ದಾರೆ ಅನಿಸುತ್ತಿತ್ತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಮಗುವನ್ನು ಒಳಕ್ಕೆ ಕರೆಯುತ್ತಿದ್ದಳು. ಶಾಲೆಗೆ ಬಿಡಲು ಹೋದ ಒಂದು ದಿನ, ತಾನು ಇಲ್ಲದಿದ್ದರೆ ಇದರ ಜಡೆ ಯಾರು ಹೆಣೆಯುತ್ತಾರೆ ಎಂಬ ಯೋಚನೆ ಬಂದು, ಅಲ್ಲೇ ಬೇಲಿಯ ಪಕ್ಕ ಕೂತುಬಿಟ್ಟಳು.

ಉಳಿದದ್ದು ಒಂದೇ ಬಾಗಿಲು. ಅದು ಲಕ್ಷ್ಮಿದೇವಮ್ಮನ ಬಾಗಿಲು. ರಾಜಿಯಾಗು ಎಂದು ಕೇಳಬೇಕು. ಯಾಕೆ ಎಂದರೆ ಕಾರಣ ಹೇಳಬೇಕು. ಹೇಳಿದರೆ ಹಗೆಯ ಕೈಗೆ ತಾನೇ ಕುಡುಗೋಲು ಕೊಟ್ಟ ಹಾಗೆ. ಎರಡು ದಿನ ಅಂಬಿಕ ಆ ಬಾಗಿಲಿನ ತನಕ ಹೋಗಿ, ಒಮ್ಮೆ ಕೋಳಿ ಹುಡುಕುವ ನೆಪ ಮಾಡಿ, ಒಮ್ಮೆ ನೆಪವೂ ಇಲ್ಲದೆ ಹಿಂದಕ್ಕೆ ಬಂದಳು. ಮೂರನೆಯ ದಿನ ಮಧ್ಯಾಹ್ನ, ದ್ಯಾವಮ್ಮ ಹುಲ್ಲಿಗೆ ಹೋಗಿದ್ದಾಗ, ಹೋದಳು.

ಲಕ್ಷ್ಮಿದೇವಮ್ಮ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಹೊಸ ಹುಳ, ಬೆರಳುದ್ದ ಬೆಳೆದಿದ್ದವು. ಹುಳದ ಮನೆಗೆ ಹೊರಗಿನವರನ್ನು ಸುಮ್ಮನೆ ಬಿಡುವುದಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಅವಳು ತಿರುಗಿಯೂ ನೋಡದೆ ಕೇಳಿದಳು:

“ಕಾಲು ತೊಳ್ಕಂಡ್ಯಾ?”

“ತೊಳ್ಕಂಡೆ ಲಕ್ಷ್ಮಕ್ಕ.”

“ಸುಣ್ಣ ತುಳುದ್ಯಾ?”

“ತುಳುದೆ.”

“ಯಾರು ಕಳಿಸುದ್ದು? ನಿಮ್ಮತ್ತೆನಾ, ನಿಮ್ಮ ಭಾವನಾ?”

“ಯಾರೂ ಇಲ್ಲ. ನಾನೇ ಬಂದೆ.” ಅಂಬಿಕ ಬಾಗಿಲಲ್ಲೇ ನಿಂತಳು. “ಲಕ್ಷ್ಮಕ್ಕ, ಒಂದು ಮಾತು ಯೋಳ್ಬೇಕಾಗಿತ್ತು. ನಾನು... ನಾನು ಕೊಳ್ಳೇಗಾಲದ ಕಡೆಯೋಳಲ್ಲ.”

“ಗೊತ್ತು.”

ಲಕ್ಷ್ಮಿದೇವಮ್ಮ ಇನ್ನೊಂದು ತಟ್ಟೆ ಎಳೆದುಕೊಂಡಳು. ಅಂಬಿಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಏನು ಗೊತ್ತು?”

“ಸಿಲೋನಿನೋಳು ಅಂತ ಗೊತ್ತು. ಕಿರುಚ್ಬ್ಯಾಡ, ಉಳ ಬೆದರ್ತವೆ.”

“ಯಾರು... ಯಾರು ಯೋಳುದ್ರು?”

“ನಿನ್ನ ಕೈಯೇ ಯೋಳ್ತು. ನಮ್ಮಕ್ಕನ್ನ ಗುಂಡ್ಲುಪೇಟೆ ಆಚೆ ಕೊಟ್ಟಿರೋದು. ಅವ್ಳ ಬಾಣಂತನಕ್ಕೆ ಅಂತ ಓಗಿದ್ದಾಗ ಗೂಡಲೂರು ಕಡೆ ಟೀ ತ್ವಾಟ ನೋಡ್ಕ ಬಂದಿದ್ದೆ. ಸಿಲೋನಿಂದ ಬಂದ ಎಂಗಸ್ರು ಅಲ್ಲಿ ಸೊಪ್ಪು ಕೀಳ್ತಿದ್ರು. ಎರಡು ಕೈಯಲ್ಲೂ ಕಿತ್ತು, ತಿರುಗಿ ನೋಡ್ದಂಗೆ ಬೆನ್ನ ಮ್ಯಾಲಿನ ಬುಟ್ಟಿಗೆ ಎಸೀತಿದ್ರು. ನೀನು ನಮ್ಮ ತ್ವಾಟುಕ್ಕೆ ಬಂದು ಮೊದಲನೇ ದಿನ ಏನ್ ಮಾಡ್ದೆ? ಬುಟ್ಟಿನೇ ಇಲ್ಲ, ಎಸುದೆ. ಎಲ್ರೂ ನಕ್ಕರು. ನಾನು ನಗ್ಲಿಲ್ಲ. ಕೊಳ್ಳೇಗಾಲದಲ್ಲಿ ಎಲ್ಲಮ್ಮಿ ಟೀ ತ್ವಾಟ?”

ಅಂಬಿಕಳಿಗೆ ಅಳು ಬರಲಿಲ್ಲ. ಇನ್ನಷ್ಟು ಹೆದರಿಕೆಯಾಯಿತು. ಇವಳಿಗೆ ಗೊತ್ತಿದ್ದರೆ ಇನ್ನೂ ಯಾರಿಗೆ ಗೊತ್ತು?

“ಯಾರ್ಗೂ ಯೋಳ್ಲಿಲ್ವಾ?”

“ಯಾರ್ಗೆ ಯೋಳ್ಲಿ? ಆ ಗಲಾಟೆ ವರ್ಸ ಬಾಯಿ ಬುಟ್ಟಿದ್ರೆ ನಿಮ್ಮ ಮನೆಗೆ ಬೆಂಕಿ ಇಡೋರು. ನಿಮ್ದೂ ನಮ್ದೂ ಒಂದೇ ಗೋಡೆ. ನಿಮ್ಮ ಸೂರು ಅತ್ಕಂಡ್ರೆ ನನ್ನ ಉಳ ಉಳೀತಿದ್ವಾ?”

“ಜಗಳದ ದಿನಾನೂ ಯೋಳ್ಲಿಲ್ವಲ್ಲ?”

“ಬಯ್ಯೋಕೆ ನಂ ತಾವ ಬ್ಯಾರೆ ಮಾತಿಗೆ ಬರವಾ?” ಎಂದಳು ಲಕ್ಷ್ಮಿದೇವಮ್ಮ. ಆಮೇಲೆ ಕೈ ನಿಲ್ಲಿಸಿ ಮೊದಲ ಸಲ ಇವಳ ಮುಖ ನೋಡಿದಳು. “ಯಾಕಮ್ಮಿ, ಏನಾಯ್ತು? ಮೊಕದಲ್ಲಿ ರಕ್ತನೇ ಇಲ್ವಲ್ಲ.”

ಅಂಬಿಕ ಹೇಳಿದಳು. ದೇವಯ್ಯ ಸಾಹೇಬರು ಹೇಳಿದ್ದೆಲ್ಲ ಹೇಳಿದಳು. ದಂಡವೂ ಶಿಕ್ಷೆಯೇ ಎಂದು, ಆ ಒಂದು ಮಾತು ಮೇಲಕ್ಕೆ ಹೋದರೆ ಯಾರೂ ಇಲ್ಲದ ಆ ಬೆಟ್ಟಕ್ಕೆ ತನ್ನನ್ನು ಅಟ್ಟಬಹುದು ಎಂದು, ರಾಜಿಯಾದರೆ ಮಾತ್ರ ಉಳಿಗಾಲ ಎಂದು. ಮಗುವಿನ ಜಡೆ ಯಾರು ಹೆಣೆಯುತ್ತಾರೆ ಎಂದೂ ಕೇಳಿದಳು.

ಲಕ್ಷ್ಮಿದೇವಮ್ಮ ಆ ತಟ್ಟೆಗೆ ಸೊಪ್ಪು ಹರಡಿ ಮುಗಿಸಿದಳು. “ನನ್ನ ಕೈ ಯಾಕೆ ಇಡ್ಕಂಡೆ ಅಂತ ನಂಗೊತ್ತಿಲ್ವಾ? ನಾನು ಇನ್ನೊಂದು ತಟ್ಟೆ ತರಾಕೆ ಓಯ್ತಿದ್ದೆ, ಇಡ್ಕಂಡೆ. ಆದ್ರೆ ರಕ್ತ ಕಂಡಾಗ ಅದೆಲ್ಲ ಎಲ್ಲಿ ಗ್ಯಾನ ಇರ್ತದೆ? ಬರ್ಸು ಅಂದ್ರು, ಮನೆಯೋರ ಎಸ್ರನೆಲ್ಲಾ ಬರಿಸ್ದೆ.” ನಿಟ್ಟುಸಿರು ಬಿಟ್ಟಳು. “ರಾಜಿ ಅಂದ್ರೆ ನಾನು ಸೋತಂಗೆ ಕಣೇ. ಅಣೆ ಒಡುಸ್ಕಂಡು ತಾನೇ ತೆಪ್ಪಗಾದ್ಳು ಅಂತಾರೆ. ನಿಮ್ಮತ್ತೆ ಬಂದು ಈ ಬಾಗಿಲಲ್ಲಿ ನಿಂತ್ಕಂಡು ತಪ್ಪಾಯ್ತು ಅನ್ಲಿ. ಆಮೇಲೆ ನೋಡಾನ.”

ದ್ಯಾವಮ್ಮ ಯಾರ ಬಾಗಿಲಲ್ಲೂ ತಪ್ಪಾಯ್ತು ಎಂದವಳಲ್ಲ. ಗಂಡ ಬದುಕಿದ್ದಾಗ ಅವನ ಮುಂದೆಯೂ ಅಂದವಳಲ್ಲ. ಹುಲ್ಲು ಹೊತ್ತು ಬಂದ ಅತ್ತೆಗೆ ಅಂಬಿಕ ಎಲ್ಲ ಹೇಳಿದಳು. ಹೇಳದೆ ಕೇಳದೆ ಗುಟ್ಟು ಬಿಟ್ಟುಕೊಟ್ಟು ಬಂದದ್ದಕ್ಕೆ ಈಗ ಬಯ್ಯುತ್ತಾಳೆ, ಈಗ ಹೊಡೆಯುತ್ತಾಳೆ ಎಂದು ಕಾದಳು. ದ್ಯಾವಮ್ಮ ಹುಲ್ಲಿನ ಹೊರೆ ಇಳಿಸಿ, ಸೆರಗು ಕೊಡವಿ, “ಅವ್ಳಿಗೆ ಮೊದ್ಲಿಂದ್ಲೂ ಗೊತ್ತಿತ್ತಾ?” ಎಂದು ಮಾತ್ರ ಕೇಳಿದಳು. ಕೇಳಿ, ಸೀದಾ ಪಕ್ಕದ ಮನೆಗೆ ನಡೆದಳು. ಅಂಬಿಕ ಹಿಂದೆಯೇ ಓಡಿದಳು.

“ಕರುದ್ಯಂತೆ” ಎಂದಳು ದ್ಯಾವಮ್ಮ, ಬಾಗಿಲಲ್ಲಿ ನಿಂತು.

“ಕರುದೆ.”

ದ್ಯಾವಮ್ಮ ಏನೋ ಗೊಣಗಿದಳು.

“ಏನಂದೆ? ಗಟ್ಟಿಯಾಗಿ ಯೋಳು.”

“ಗಟ್ಟಿಯಾಗಿ ಯೋಳುದ್ರೆ ಉಳ ಬೆದರ್ತವೆ ಅಂತೀಯ, ಮೆಲ್ಲಗೆ ಯೋಳುದ್ರೆ ಕೇಳ್ಸಲ್ಲ ಅಂತೀಯ! ತಪ್ಪಾಯ್ತು ಅಂದೆ ಕಣೇ. ನನ್ನ ಕೈ ತಪ್ಪಾಯ್ತು. ನನ್ನ ಮಗ ಗಾಳಿ ನೋಡ್ದೆ ಮದ್ದೊಡುದ, ಅದೂ ತಪ್ಪಾಯ್ತು. ಇನ್ನೇನ್ ಬೇಕು, ಕಾಲಿಗ್ ಬೀಳ್ಲಾ?”

“ಬ್ಯಾಡ, ಸುಣ್ಣ ಮೆತ್ಕೋತದೆ” ಎಂದಳು ಲಕ್ಷ್ಮಿದೇವಮ್ಮ. ತಟ್ಟೆ ಪಕ್ಕಕ್ಕೆ ಸರಿಸಿ, “ವಾಯ್ದೆ ದಿನ ಬತ್ತೀನಿ, ಓಗು” ಎಂದಳು.

ಲಾಯರಿಗೆ ರಾಜಿ ಎಂದಷ್ಟೇ ಹೇಳಿದರು. ಬೇರೆ ಏನನ್ನೂ ಹೇಳಲಿಲ್ಲ.

ವಾಯಿದೆಯ ದಿನ ಲಕ್ಷ್ಮಿದೇವಮ್ಮ ಬರಲಿಲ್ಲ. ಮೊದಲ ಬಸ್ಸಿಗೂ ಇಲ್ಲ, ಎರಡನೆಯ ಬಸ್ಸಿಗೂ ಇಲ್ಲ. ಕೋರ್ಟಿನ ಜಗುಲಿಯಲ್ಲಿ ಅಂಬಿಕ ರಸ್ತೆಯನ್ನೇ ನೋಡುತ್ತಾ ನಿಂತಿದ್ದಳು. ಮನಸ್ಸು ತಿರುಗಿತೇ? ಲಿಂಗಣ್ಣ ಬೇಡವೆಂದನೇ? ಇಲ್ಲಾ ಗುಟ್ಟನ್ನು ಊರಿಗೆಲ್ಲ ಹೇಳುತ್ತಾ ಕೂತಳೇ? ಹೊನ್ನಪ್ಪನೂ ಚಪ್ಪಲಿ ಎಳೆಯುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದ. “ನಂಬ್ಕ ಬಂದ್ವಲ್ಲ” ಎಂದ.

ಹೆಸರು ಕೂಗಿದರು.

“ಪಿರ್ಯಾದಿ ಬರ್ಲಿಲ್ಲವಲ್ಲ. ಮೊದಲು ಹೇಳಿದ ಹಾಗೆ ಒಪ್ಕೊಂಡುಬಿಡಿ” ಎಂದು ಶಿವಲಿಂಗಯ್ಯನವರು ಪಿಸುಗುಟ್ಟುತ್ತಾ ಒಳಗೆ ಕರೆದುಕೊಂಡು ಹೋದರು. ಕೋಣೆಯ ತುಂಬ ಜನ. ಮೇಲೆ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮ್ಯಾಜಿಸ್ಟ್ರೇಟರು ತಲೆ ಎತ್ತದೆ ಮೊದಲು ದ್ಯಾವಮ್ಮನನ್ನು ಕೇಳಿದರು, ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು.

ದ್ಯಾವಮ್ಮ ಕೈ ಮುಗಿದಳು. “ನನ್ನ ಸೊಸೆ ಏನಂತಾಳೋ ಅದೇ ನಂದೂವೆ ಸ್ವಾಮಿ.”

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. “ಸೊಸೆ ಯಾರು?”

ಇಷ್ಟು ವರ್ಷ ಅಂಬಿಕಳ ಬದಲು ಮಾತಾಡುತ್ತಾ ಬಂದವಳು ದ್ಯಾವಮ್ಮ. ಹಾಲಿನ ಡೈರಿಯಲ್ಲಿ, ಅಂಗಡಿಯಲ್ಲಿ, ನೆಂಟರ ಮುಂದೆ, ಸೊಸೆಯ ನಾಲಿಗೆ ಎಲ್ಲಿ ಜಾರುತ್ತದೋ ಎಂದು ಮುಂದೆ ಬಂದು ನಿಲ್ಲುತ್ತಿದ್ದವಳು ಇವತ್ತು ಪಕ್ಕಕ್ಕೆ ಸರಿದು ನಿಂತಳು. ಒಪ್ಪಿದರೆ ಮಂಡ್ಯದಲ್ಲಿ ಮುದ್ರೆಯಿಲ್ಲ. ಒಪ್ಪದಿದ್ದರೆ ಯಾಕೆ ಎಂದು ಕೇಳುತ್ತಾರೆ. ಹಿಂದೆ ಲಿಂಗಣ್ಣನ ಸೋದರಳಿಯ, ಆ ಗುಮಾಸ್ತ ನಿಂತಿದ್ದಾನೆ. ನಾಲಿಗೆಯ ಮೇಲೆ ಮೊದಲು ಬಂದದ್ದು ತಾಯಿಯ ಭಾಷೆ. ಅದನ್ನು ನುಂಗಿದಳು.

“ನಾನು ಒಪ್ಪಲ್ಲ ಸ್ವಾಮಿ.”

“ಯಾಕಮ್ಮ?”

“ನಾನು ಒಡೀಲಿಲ್ಲ. ಜಗಳ ಬುಡ್ಸಾಕೆ ಕೈ ಇಡ್ಕಂಡೆ. ಪಿರ್ಯಾದಿನೇ ಬಂದು ಯೋಳ್ತಾರೆ.”

“ಎಲ್ಲಿ ಪಿರ್ಯಾದಿ?”

ಅಂಬಿಕ ಬಾಗಿಲ ಕಡೆ ತಿರುಗಿ ನೋಡಿದಳು. ಶಿವಲಿಂಗಯ್ಯನವರು ಮುಖ ಗಂಟಿಕ್ಕಿಕೊಂಡೇ ಎದ್ದು, ರಾಜಿಯ ಮಾತಾಗಿದೆ, ಮಧ್ಯಾಹ್ನದವರೆಗೆ ಸಮಯ ಕೊಡಬೇಕು ಎಂದು ಬೇಡಿಕೊಂಡರು. ಊಟದ ನಂತರ ಕರೆಯಿರಿ ಎಂದು ಅಪ್ಪಣೆಯಾಯಿತು.

ಹೊರಗೆ ಬಂದ ಮೇಲೆ ಹೊನ್ನಪ್ಪ ಏನೋ ಹೇಳಲು ಬಾಯಿ ತೆರೆದ. ದ್ಯಾವಮ್ಮ, “ಲೇ, ಬಾಯ್ಮುಚ್ಕ ಕೂತ್ಕೊ” ಎಂದಳು. ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟನ್ನು ಯಾರೂ ಬಿಚ್ಚಲಿಲ್ಲ.

ಬಿಸಿಲು ನೆತ್ತಿಯಿಂದ ವಾಲಿದ ಮೇಲೆ, ಲಿಂಗಣ್ಣನ ಸೈಕಲ್ಲಿನ ಹಿಂದೆ ಕೂತುಕೊಂಡು ಲಕ್ಷ್ಮಿದೇವಮ್ಮ ಬಂದಳು. ಸೀರೆಯ ತುಂಬ ಸೊಪ್ಪಿನ ಚೂರು, ಬೆರಳಿಗೆ ರೇಷ್ಮೆಯ ಎಳೆ ಅಂಟಿಕೊಂಡಿತ್ತು.

“ಉಳ ಅಣ್ಣಾಗ್ಬುಟ್ವು ಕಣ್ರವ್ವ!” ಎಂದಳು ಏದುಸಿರಿನಲ್ಲಿ. “ಬೆಳಿಗ್ಗೆ ಎದ್ದು ನೋಡ್ತೀನಿ, ಎಲ್ಲಾ ತಲೆ ಎತ್ಕಂಡು ನಿಂತವೆ. ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗೆ ಬುಡ್ದೆ ಬಂದಿದ್ರೆ ತಟ್ಟೇಲೇ ಗೂಡು ಕಟ್ಬುಡೋವು. ಅವು ಕೋರ್ಟಿನ ವಾಯ್ದೆ ಕೇಳ್ತವಾ?”

ಅಂಬಿಕ ಅವಳ ಕೈ ಹಿಡಿದುಕೊಂಡಳು. “ಈಗ್ಲೂ ಇಡ್ಕೋ, ಇನ್ನೊಂದು ಕೇಸ್ ಆಕ್ತೀನಿ” ಎಂದಳು ಲಕ್ಷ್ಮಿದೇವಮ್ಮ.

ಒಳಗೆ ಮ್ಯಾಜಿಸ್ಟ್ರೇಟರು ಅವಳನ್ನು ಕೇಳಿದರು, ಯಾರಾದರೂ ಬಲವಂತ ಮಾಡಿ ರಾಜಿ ಮಾಡಿಸುತ್ತಿದ್ದಾರೆಯೇ ಎಂದು.

“ನನ್ನ ಬಲವಂತ ಮಾಡೋ ಗಂಡ್ಸು ಇನ್ನೂ ಉಟ್ಟಿಲ್ಲ ಸ್ವಾಮಿ” ಎಂದಳು. ಬಾಗಿಲಲ್ಲಿ ನಿಂತಿದ್ದ ಲಿಂಗಣ್ಣ ಟವಲಿನಿಂದ ಮುಖ ಒರೆಸಿಕೊಂಡ.

ಮೂವರನ್ನೂ ಬಿಟ್ಟದ್ದಾಯಿತು. ಅಂಬಿಕ ಲಾಯರನ್ನು ಮತ್ತೆ ಮತ್ತೆ ಕೇಳಿದಳು: ದಂಡ ಇಲ್ಲ ಅಲ್ವಾ ಸ್ವಾಮಿ? ತಪ್ಪು ಮಾಡಿದ್ಳು ಅಂತ ಬರ್ದಿಲ್ಲ ಅಲ್ವಾ? “ಖುಲಾಸೆ ಅಂತಲೇ ಬರೆದಿದೆ ಕಣಮ್ಮ, ಎಷ್ಟು ಸಲ ಹೇಳ್ಲಿ” ಎಂದು ಅವರು ರೇಗಿದರು. ಆಮೇಲೆ ಅವಳ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. ಏನೂ ಕೇಳಲಿಲ್ಲ. ಆ ನೋಟ ಮಾತ್ರ ಅಂಬಿಕಳ ಜೊತೆ ಮನೆಯ ತನಕ ಬಂತು.

ತೀರ್ಪು ಕೈಗೆ ಬಂದ ಮೇಲೆ ಮಂಡ್ಯದಲ್ಲಿ ದೇವಯ್ಯ ಸಾಹೇಬರು ಅದನ್ನು ಓದಿ, ಮೇಲಕ್ಕೆ ಬರೆದು, ಕೆಲವು ವಾರ ಕಾಯಿಸಿ, ಕೊನೆಗೆ ವರ್ಷದ ಮುದ್ರೆ ಒತ್ತಿಸಿಕೊಟ್ಟರು. “ಜಗಳ ಕಂಡ್ರೆ ದೂರ ಇರಮ್ಮ. ಬಿಡಿಸೋಕೂ ಹೋಗ್ಬೇಡ” ಎಂದರು. ಮುಂದಿನ ವರ್ಷ? ಅದನ್ನು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನ ಬೆಳೆಗೆ ಮುಯ್ಯಾಳು ಮತ್ತೆ ಶುರುವಾಯಿತು. ಅಂಬಿಕ ಲಕ್ಷ್ಮಿದೇವಮ್ಮನ ತೋಟಕ್ಕೆ ಇಳಿದಳು. ಎಳೆಸೊಪ್ಪು ಕಂಡದ್ದೇ ಎರಡೂ ಕೈ ತಮ್ಮಷ್ಟಕ್ಕೆ ತಾವೇ ಎದ್ದವು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಂದು ಮೋಟಾರು ಬೈಕಿನ ಸದ್ದಾಯಿತು.

“ಎರಡು ಕೈಲೂ ಕೀಳಮ್ಮಿ, ಇಲ್ಯಾರವ್ರೆ?” ಎಂದಳು ಆಚೆ ಸಾಲಿನಿಂದ ಲಕ್ಷ್ಮಿದೇವಮ್ಮ.

ಬೈಕು ನಿಲ್ಲದೆ ಹೋಯಿತು. ಆದರೂ ಅಂಬಿಕ ಎಡಗೈಯನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡಳು. ಬಲಗೈ ಒಂದರಲ್ಲೇ, ಊರಿನ ಹೆಂಗಸರು ಕೀಳುವ ಹಾಗೆ, ಎಲೆ ಎಲೆಯಾಗಿ ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಾ ಹೋದಳು. ಹಾಗೆ ಕಿತ್ತರೆ ಕೆಲಸ ನಿಧಾನ. ಸಾಲು ಮುಗಿಯುವ ಹೊತ್ತಿಗೆ ಸಾಯಂಕಾಲವಾಗಿತ್ತು.